ಎಂಜಿನ್ ಇಳಿಸುವ ಮುನ್ನ ಒಂದು ರಟ್ಟು ಹಾಸಿ

ಧನುರ್ಮಾಸದ ಬೆಳಗಿನ ಜಾವ ನಂಜನಗೂಡು, ತಿ. ನರಸೀಪುರ ಸುತ್ತಿನ ಹಳ್ಳಿಗಳಲ್ಲಿ ಎರಡು ಸದ್ದು ಗ್ಯಾರಂಟಿ. ಒಂದು ದೇವಸ್ಥಾನದ ಮೈಕು, ಇನ್ನೊಂದು ಸ್ಟಾರ್ಟ್ ಆಗದ ಹಳೇ ಕಾರಿನ ಸೆಲ್ಫ್. ಕಪಿಲೆ, ಕಾವೇರಿ, ನಾಲೆ, ಗದ್ದೆಗಳ ನಡುವಿನ ಊರುಗಳಿವು. ಮಂಜು ಇಳಿದರೆ ಎದುರು ಮನೆ ಕಾಣುವುದಿಲ್ಲ. ಕಾರಿನಡಿ ಒಂದಿಷ್ಟು ಆಯಿಲ್ ಕಲೆಯೂ ಇದ್ದರಂತೂ ನೋಡಿದವರೆಲ್ಲ ಒಂದೇ ತೀರ್ಪು ಕೊಡುತ್ತಾರೆ: ‘ಎಂಜಿನ್ ಹೋಗಿದೆ, ಇಳಿಸಬೇಕು.’

ನರಸೀಪುರ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಮಾರುತಿ 800ಕ್ಕೂ ಇದೇ ತೀರ್ಪು ಬಂದಿತ್ತು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ 25 ಸಾವಿರ ಅಂದರು. ಮಾರಿದರೆ ಅಷ್ಟು ಬರುವುದೂ ಅನುಮಾನ. ಗುಜರಿಗೆ ಹಾಕುವ ಮಾತು ಶುರುವಾಯಿತು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಆ ಮನೆಗಿರುವುದು ಅದೊಂದೇ ಕಾರು.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಅದರಲ್ಲಿ ಹೊಸದು ಅನ್ನುವುದೇ ಈಗ ಇಲ್ಲ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಆಗಲೂ ಇದೇ ಪ್ರಶ್ನೆ: ರಿಪೇರಿಯೋ, ಗುಜರಿಯೋ?

ನಮ್ಮ ಬಿಇ ತರಗತಿಯಲ್ಲಿ ಆಟೋ ಸೈಕಲ್ ಚಿತ್ರ ಬರೆದು ಬರೆದು ಕೈ ಸವೆದಿದೆ. ಆದರೆ ಆಯಿಲ್ ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವ ವಿಧಾನ ಹೇಳಿಕೊಟ್ಟಿದ್ದು ನರಸೀಪುರದ ಹಳೇ ಮೆಕ್ಯಾನಿಕ್ ಒಬ್ಬರು. ‘ಎಂಜಿನಿಯರ್ರೇ, ಮೊದ್ಲು ತೊಳೀರಿ, ಆಮೇಲೆ ನೋಡಿ’ ಅಂದರು. ಹತ್ತು ವರ್ಷದ ಜಿಡ್ಡಿನ ಮೇಲೆ ಇವತ್ತಿನ ಸೋರಿಕೆ ಕಾಣುವುದಿಲ್ಲ. ತಣ್ಣಗಿರುವ ಎಂಜಿನ್ನನ್ನು ಸೀಮೆಎಣ್ಣೆ, ಬ್ರಷ್‌ನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಅನುಮಾನದ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರಿಸಿದೆವು. ಸುತ್ತೂರಿನ ತನಕ ಹೋಗಿಬಂದು, ರಾತ್ರಿ ಅಡಿಗೆ ದೊಡ್ಡ ರಟ್ಟು ಹಾಸಿದೆವು.

ರಟ್ಟು ತುಂಬ ಹೇಳುತ್ತದೆ. ಕಪ್ಪು ಅಥವಾ ಕಂದು ಹನಿ ಎಂಜಿನ್ ಆಯಿಲ್. ಮಂದವಾಗಿದ್ದು ಗಂಧಕದ ಘಾಟು ಬಂದರೆ ಗೇರ್ ಆಯಿಲ್. ಹಸಿರು ಬಣ್ಣದ ನೀರಾದರೆ ಕೂಲಂಟ್. ಚಕ್ರದ ಹತ್ತಿರ ತೆಳ್ಳಗಿನ ತಿಳಿ ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಗಾಡಿ ಹೊರಡಿಸಲೇಬೇಡಿ. ಆದರೆ ಹನಿ ಬಿದ್ದ ಜಾಗವೇ ಸೋರುವ ಜಾಗವಲ್ಲ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಿಯುತ್ತದೆ. ಹಾಗಾಗಿ ಟಾರ್ಚ್ ಹಿಡಿದು ಒದ್ದೆಯಾದ ಅತಿ ಎತ್ತರದ ಜಾಗ ಹುಡುಕಬೇಕು.

ಮಾವನ ಕಾರಿನಲ್ಲಿ ಹನಿ ಬೀಳುತ್ತಿದ್ದುದು ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ. ಅಲ್ಲಿ ಕ್ರ್ಯಾಂಕ್‌ನ ಆಯಿಲ್ ಸೀಲ್ ಇದೆ, ಅದನ್ನು ಬದಲಿಸಲು ಗೇರ್‌ಬಾಕ್ಸ್ ಬಿಚ್ಚಲೇಬೇಕು. ಆದರೆ ಪೌಡರ್ ನೆನೆದಿದ್ದು ಅದಕ್ಕಿಂತ ಎಷ್ಟೋ ಮೇಲೆ, ಡಿಸ್ಟ್ರಿಬ್ಯೂಟರ್ ಕೂರುವ ಜಾಗದಲ್ಲಿ. ಅಲ್ಲಿನ ರಬ್ಬರ್ ಓ-ರಿಂಗ್ ಬಿಸಿಗೆ ಗಟ್ಟಿಯಾಗಿ ಕಡ್ಡಿಯಂತಾಗಿತ್ತು. ಪಕ್ಕದ ಟ್ಯಾಪೆಟ್ ಕವರ್ ಪ್ಯಾಕಿಂಗ್ ಕೂಡ ಅದೇ ಸ್ಥಿತಿ.

ಇನ್ನು ಸ್ಟಾರ್ಟಿಂಗ್. ಬ್ಯಾಟರಿ ಸರಿಯಿತ್ತು, ಸೆಲ್ಫ್ ಹೊಡೆದಾಗಲೂ ವೋಲ್ಟೇಜ್ 10ಕ್ಕಿಂತ ಕೆಳಗೆ ಹೋಗುತ್ತಿರಲಿಲ್ಲ. ಚೋಕ್ ಕೆಲಸ ಮಾಡುತ್ತಿತ್ತು. ಸುಳಿವು ಸಿಕ್ಕಿದ್ದು ಮಾವನ ಮಾತಿನಲ್ಲಿ: ‘ಮಂಜು ಇಲ್ದಿದ್ರೆ ಎಷ್ಟು ಚಳಿ ಇದ್ರೂ ಹತ್ಕೊಳ್ಳುತ್ತೆ ಕಣೋ.’ ಅಂದರೆ ತೊಂದರೆ ಚಳಿಯದಲ್ಲ, ತೇವದ್ದು. ನಾಲೆ ಪಕ್ಕ ಹೊಂಗೆ ಮರದಡಿ ನಿಲ್ಲುವ ಕಾರದು. ಮರುದಿನ ಮಂಜಿನಲ್ಲೇ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿದರೆ ಒಳಗೆಲ್ಲ ಸಣ್ಣ ನೀರ ಹನಿ, ಕ್ಯಾಪ್‌ನಲ್ಲಿ ಕೂದಲೆಳೆಯಂಥ ಬಿರುಕು. ಪ್ಲಗ್‌ಗೆ ಹೋಗಬೇಕಾದ ಕರೆಂಟು ತೇವದ ದಾರಿ ಹಿಡಿದು ಸೋರಿಹೋಗುತ್ತಿತ್ತು. ಒಣಬಟ್ಟೆಯಲ್ಲಿ ಒರೆಸಿ ಹಾಕಿದ ಕೂಡಲೇ ಎಂಜಿನ್ ಹತ್ತಿಕೊಂಡಿತು.

ಹಾಗಂತ ‘ಎಂಜಿನ್ ಹೋಗಿದೆ’ ಅಂದವರದು ಹುಚ್ಚು ಮಾತೇನಲ್ಲ. ಪಿಸ್ಟನ್ ರಿಂಗ್ ಸವೆದರೆ ಕಂಪ್ರೆಷನ್ ಇಳಿದು ಬೆಳಿಗ್ಗೆ ಸ್ಟಾರ್ಟ್ ಆಗುವುದು ಕಷ್ಟವಾಗುತ್ತದೆ. ಅದೇ ಸಂದಿಯಿಂದ ಗ್ಯಾಸ್ ಕೆಳಗಿಳಿದು ಒಳಗಿನ ಒತ್ತಡ ಹೆಚ್ಚಿ, ಪ್ಯಾಕಿಂಗ್‌ಗಳಿಂದ ಆಯಿಲ್ಲನ್ನೂ ಹೊರದಬ್ಬುತ್ತದೆ. ಎರಡು ರೋಗಕ್ಕೂ ಒಂದೇ ಬೇರು ಇರಬಹುದು, ಇಲ್ಲದೆಯೂ ಇರಬಹುದು. ತಿಳಿಯುವ ದಾರಿ ಕಂಪ್ರೆಷನ್ ಗೇಜ್. ಮೂರೂ ಸಿಲಿಂಡರ್‌ಗಳ ಒತ್ತಡ ಅಳೆಯಿರಿ. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನದು. ಇಷ್ಟು ಮಾಡದೆ ಎಂಜಿನ್ ಇಳಿಸಬೇಕು ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ನಮ್ಮದರಲ್ಲಿ ಮೂರೂ ಹೆಚ್ಚುಕಡಿಮೆ ಸಮ ಬಂತು. ಓ-ರಿಂಗ್, ಪ್ಯಾಕಿಂಗ್, ಕ್ಯಾಪ್, ಪ್ಲಗ್ ವಯರುಗಳು ಎಲ್ಲ ಸೇರಿ ಖರ್ಚು 2 ಸಾವಿರ ದಾಟಲಿಲ್ಲ. ಕೆಳಗಿನ ಚೇಂಬರ್ ಪ್ಯಾಕಿಂಗ್‌ನಿಂದ ಈಗಲೂ ರಾತ್ರಿಗೆ ಎರಡು ಹನಿ ರಟ್ಟಿನ ಮೇಲೆ ಬೀಳುತ್ತದೆ. ಮಾವ ಅದಕ್ಕೆ ಕೈಹಾಕಿಲ್ಲ, ಭಾನುವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುತ್ತಾರೆ ಅಷ್ಟೆ.