ಬಾಗಿಲಿಗಿಂತ ಮೊದಲು ಬಿಜಾಗರಿ

ಅಡುಗೆಮನೆಗೆ ಹೊಸ ಕಪಾಟು ಮಾಡಿಸಲು ಹೊರಟಿದ್ದೀರಾ? ಮೈಕಾದ ಬಣ್ಣ ಆರಿಸಲು ಮನೆಮಂದಿಯೆಲ್ಲ ಸೇರಿ ಎಷ್ಟು ಸಂಜೆ ಕಳೆದಿರಿ? ಬಾಗಿಲನ್ನು ಹೊತ್ತು ನಿಲ್ಲುವ ಬಿಜಾಗರಿಗೆ ಎಷ್ಟು ನಿಮಿಷ ಕೊಟ್ಟಿರಿ? ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: "ಅದೆಲ್ಲ ಮಿಸ್ತ್ರಿಗೆ ಗೊತ್ತು." ಎರಡು ವರ್ಷ ಕಳೆಯುವಷ್ಟರಲ್ಲಿ ಬಾಗಿಲು ಒಂದು ಕಡೆ ಜೋತು ಬೀಳುತ್ತದೆ. ಒಂದು ದಿನ ಸ್ಕ್ರೂ ಕಿತ್ತು ಕೈಗೇ ಬರುತ್ತದೆ. ಕೆಳಗೆ ಆಡುವ ಮಗು ಇದ್ದರೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳೆಯ ಮನೆಗಳ ಗೋಡೆ ಕಪಾಟುಗಳನ್ನು ನೋಡಿ. ಸಾಗವಾನಿ ಬಾಗಿಲು, ಅದರ ಅಂಚಿಗೆ ಬಡಿದ ಕಬ್ಜಾ. ಅಜ್ಜಿಯ ಕಾಲದಿಂದಲೂ ಅಲುಗಿಲ್ಲ. ಅದೇ ರೂಢಿಯನ್ನು ನಾವು ಪ್ಲೈವುಡ್‌ಗೂ ತಂದೆವು. ತಪ್ಪಿದ್ದು ಅಲ್ಲಿಯೇ.

ಅಂಚು ಬೇಡ, ಮೈ ಬೇಕು

ಪ್ಲೈವುಡ್ ಎಂದರೆ ತೆಳ್ಳಗಿನ ಮರದ ಹಾಳೆಗಳನ್ನು ಅಡ್ಡಡ್ಡ ಜೋಡಿಸಿ ಗೋಂದಿನಿಂದ ಒತ್ತಿದ ಹಲಗೆ. ಅದರ ಅಂಚಿಗೆ ಸ್ಕ್ರೂ ಹಾಕಿದರೆ ಅದು ಎರಡು ಪದರಗಳ ನಡುವೆ ಬೆಣೆಯಂತೆ ನುಗ್ಗಿ ಅವನ್ನು ಬಿರಿಯುತ್ತದೆ. ಹಲಗೆಯ ಮೈಗೆ ಹಾಕಿದ ಸ್ಕ್ರೂ ಹಲವು ಪದರಗಳನ್ನು ದಾಟಿ ಹಿಡಿಯುತ್ತದೆ. ಆದ್ದರಿಂದ ಪ್ಲೈವುಡ್ ಬಾಗಿಲಿಗೆ ಬಟ್ಟಲಿನಾಕಾರದ, ಒಳಗೆ ಅಡಗುವ ಹಿಂಜ್ ಸೂಕ್ತ. ಅದರ ಸ್ಕ್ರೂಗಳೆಲ್ಲ ಹಲಗೆಯ ಮೈಗೇ ಬೀಳುತ್ತವೆ.

ಹಲಗೆಯೂ ಗಟ್ಟಿಯಾಗಿರಬೇಕು. ಅಡುಗೆಮನೆಯ ಹಬೆಗೆ, ಮಳೆಗಾಲದ ತೇವಕ್ಕೆ ಐ.ಎಸ್. 303ರ ಬಿ.ಡಬ್ಲ್ಯು.ಆರ್. ದರ್ಜೆ ಆಗಬಹುದು. ಸಿಂಕ್ ಕೆಳಗೆ ಐ.ಎಸ್. 710 ಇನ್ನೂ ಒಳ್ಳೆಯದು. ಹಲಗೆಯ ಮೇಲೆ ಐ.ಎಸ್.ಐ. ಗುರುತನ್ನು ನೀವೇ ನೋಡಿ. ಬಾಗಿಲು 18 ಮಿ.ಮೀ. ದಪ್ಪವಿರಲಿ. ಹಿಂಜ್‌ನ ಬಟ್ಟಲಿಗೆ ಸುಮಾರು 12 ಮಿ.ಮೀ. ಆಳದ ಕುಳಿ ಬೇಕಾಗುವುದರಿಂದ 12 ಮಿ.ಮೀ. ಹಲಗೆಯಲ್ಲಿ ಡ್ರಿಲ್ ಆಚೆ ಬದಿಗೆ ಬಂದುಬಿಡುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು?

ಮೊದಲು ಬಾಗಿಲು ಎಲ್ಲಿ ಕೂರುತ್ತದೆ ಎಂದು ತೀರ್ಮಾನಿಸಿ. ಪಕ್ಕದ ಹಲಗೆಯ ಅಂಚನ್ನು ಬಾಗಿಲು ಪೂರ್ತಿ ಮುಚ್ಚುವುದಾದರೆ ನೇರ ತೋಳಿನ ಹಿಂಜ್, ಅಂಗಡಿಯವರ ಮಾತಿನಲ್ಲಿ ಸೊನ್ನೆ ಕ್ರಾಂಕ್. ನಡುವಿನ ಒಂದೇ ಹಲಗೆಯನ್ನು ಎರಡು ಬಾಗಿಲುಗಳು ಹಂಚಿಕೊಂಡರೆ 8 ಅಥವಾ 9ರ ಕ್ರಾಂಕ್. ಬಾಗಿಲು ಕಪಾಟಿನ ಒಳಗೇ ಕೂರುವುದಾದರೆ 15-16ರ ಕ್ರಾಂಕ್. ಇದು ತಪ್ಪಿದರೆ ಎಷ್ಟು ತಿರುಗಿಸಿದರೂ ಬಾಗಿಲು ಸರಿ ಕೂರದು. ಬ್ಯಾಡಗಿಯಲ್ಲಿ ಬೇಕಾದ ಕ್ರಾಂಕ್ ಸಿಗಲಿಲ್ಲವೆಂದು ಸಿಕ್ಕಿದ್ದನ್ನೇ ಹಾಕಿಸಬೇಡಿ. ಹಾವೇರಿಯಿಂದಲೋ ರಾಣೆಬೆನ್ನೂರಿನಿಂದಲೋ ತರಿಸಿ. ಒಂದು ದಿನ ತಡವಾದರೂ ಚಿಂತೆಯಿಲ್ಲ.

ಮೂರಡಿ ಎತ್ತರದವರೆಗಿನ ಬಾಗಿಲಿಗೆ ಎರಡು ಹಿಂಜ್ ಸಾಕು. ಐದು ಅಡಿ ದಾಟಿದಲ್ಲಿಯವರೆಗೂ ಮೂರು, ಆರೂವರೆ ಅಡಿಗೆ ನಾಲ್ಕು ಬೇಕು. 720 ಮಿ.ಮೀ. ಎತ್ತರ, 450 ಮಿ.ಮೀ. ಅಗಲದ ಒಂದು ಬಾಗಿಲೇ ಸುಮಾರು 4 ಕಿಲೋ ತೂಗುತ್ತದೆ. ಬಾಗಿಲು ಅಗಲವಾದಷ್ಟೂ ಮೇಲಿನ ಹಿಂಜ್ ಮೇಲೆ ಎಳೆತ ಹೆಚ್ಚು. ಸದ್ದಿಲ್ಲದೆ ಮೆಲ್ಲಗೆ ಮುಚ್ಚುವ ಸಾಫ್ಟ್ ಕ್ಲೋಸ್ ಹಿಂಜ್‌ಗೆ ಬೆಲೆ ಹೆಚ್ಚು. ಆದರೆ ಮಕ್ಕಳ ಬೆರಳು ಸಿಕ್ಕಿಬೀಳುವ ಭಯ ಕಡಿಮೆ. ಎಲ್ಲ ಕಡೆಗೂ ಹಾಕಿಸಲಾಗದಿದ್ದರೆ ಅವರ ಕೈಗೆಟುಕುವ ಕೆಳಗಿನ ಬಾಗಿಲುಗಳಿಗಾದರೂ ಹಾಕಿಸಿ.

ಜೋಡಿಸುವಾಗ ಪಕ್ಕದಲ್ಲಿರಿ

ಹಿಂಜ್ ಕೈಗೆ ಬಂದ ಮೇಲೆಯೇ ಬಾಗಿಲು ಕೊಯ್ಯಲು ಹೇಳಿ. ಬಾಗಿಲಿನ ಮೇಲಿನ ಮತ್ತು ಕೆಳಗಿನ ತುದಿಯಿಂದ ಸುಮಾರು 100 ಮಿ.ಮೀ. ಬಿಟ್ಟು ಗುರುತು ಹಾಕಬೇಕು. ಅಲ್ಲಿ ಒಳಗಿನ ಅಡ್ಡ ಹಲಗೆ ಎದುರಾಗದಂತೆ ನೋಡಿಕೊಳ್ಳಿ. ಕುಳಿಯ ಅಗಲ 35 ಮಿ.ಮೀ. ಕುಳಿಗೂ ಬಾಗಿಲಿನ ಅಂಚಿಗೂ ನಡುವೆ 4-5 ಮಿ.ಮೀ. ಉಳಿಯಬೇಕು. ಕಪಾಟಿನ ಪಕ್ಕದ ಹಲಗೆಗೆ ಹಾಕುವ ಪಟ್ಟಿಯ ಸ್ಕ್ರೂ ರೇಖೆ, ಬಾಗಿಲು ಹೊರಗೆ ಕೂರುವುದಾದರೆ, ಮುಂದಿನ ಅಂಚಿನಿಂದ 37 ಮಿ.ಮೀ. ಒಳಗಿರಬೇಕು.

ಒಂದು ಕೆಟ್ಟ ರೂಢಿಯನ್ನು ಮಾತ್ರ ಒಪ್ಪಬೇಡಿ. ಅವಸರದಲ್ಲಿ ಸ್ಕ್ರೂವನ್ನು ಸುತ್ತಿಗೆಯಿಂದ ಬಡಿದು, ಕೊನೆಗೆ ಎರಡು ಸುತ್ತು ತಿರುಗಿಸುವುದುಂಟು. ಹಾಗೆ ಬಡಿದ ಸ್ಕ್ರೂ ಮರದ ನಾರು ಹರಿಯುತ್ತದೆ, ಹಿಡಿತ ಇರುವುದಿಲ್ಲ. ಮೊದಲು ಸಣ್ಣ ತೂತು ಕೊರೆದು, ಪೂರ್ತಿ ತಿರುಗಿಸಿಯೇ ಬಿಗಿಯಬೇಕು.

ಬಾಗಿಲು ತೂಗಿದ ಮೇಲೆ ಹಿಂಜ್‌ನ ಸ್ಕ್ರೂಗಳಿಂದ ಎಡಬಲ, ಒಳಹೊರಗೆ, ಮೇಲೆಕೆಳಗೆ ಹೊಂದಿಸಬಹುದು. ಎರಡು ಬಾಗಿಲುಗಳ ನಡುವೆ 2-3 ಮಿ.ಮೀ. ಸಂದು ಒಂದೇ ಸಮ ಕಾಣಬೇಕು. ಯಾವ ಸ್ಕ್ರೂ ಯಾವುದಕ್ಕೆ ಎಂದು ಮಿಸ್ತ್ರಿಯಿಂದ ಕಲಿತುಕೊಳ್ಳಿ. ಮುಂದೆ ಬಾಗಿಲು ಅರ್ಧ ಬೆರಳು ಜಗ್ಗಿದಾಗ ಒಂದು ಸ್ಕ್ರೂಡ್ರೈವರ್‌ನಿಂದ ನೀವೇ ಸರಿಪಡಿಸಬಹುದು. ತೂತು ಸಡಿಲಾಗಿದ್ದರೆ ಕಡ್ಡಿಪೆಟ್ಟಿಗೆಯ ಕಡ್ಡಿ ತುರುಕಬೇಡಿ. ಗೋಂದು ಹಚ್ಚಿದ ಮರದ ಗೂಟ ಹೊಡೆಸಿ, ಒಣಗಿದ ಮೇಲೆ ಹೊಸದಾಗಿ ಕೊರೆಸಿ. ವರ್ಷಕ್ಕಾಗುವ ಖಾರದ ಪುಡಿ ಮಾಡಿಡುವ ಮನೆಗಳಲ್ಲಿ ಹಿಂಜ್ ಸಂದಿಗೆ ಎಣ್ಣೆ ಮತ್ತು ಪುಡಿ ಅಂಟುವುದುಂಟು. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ.

ಕಾಣದ ಕಡೆಯ ಪ್ರಾಮಾಣಿಕತೆ

ಮೆಣಸಿನಕಾಯಿ ಮಾರಿ ಬಂದ ಹಣದಲ್ಲೋ, ತಿಂಗಳು ತಿಂಗಳು ಉಳಿಸಿದ ಸಂಬಳದಲ್ಲೋ ಮಾಡಿಸುವ ಕಪಾಟು ಅದು. ಚದರಡಿ ಲೆಕ್ಕದಲ್ಲಿ ಸಾಮಾನು ಸಮೇತ ಗುತ್ತಿಗೆ ಕೊಟ್ಟಾಗ ಉಳಿತಾಯದ ಕತ್ತರಿ ಮೊದಲು ಬೀಳುವುದು ಕಣ್ಣಿಗೆ ಕಾಣದ ಹಿಂಜ್ ಮೇಲೆ. ಆದ್ದರಿಂದ ಹಿಂಜ್‌ನ ಬಗೆ, ಸಂಖ್ಯೆ, ದರವನ್ನು ಚೀಟಿಯಲ್ಲಿ ಮೊದಲೇ ಬರೆಸಿ. ಒಪ್ಪಂದವನ್ನು ಬರೆದಿಡುವುದು ಅಪನಂಬಿಕೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಲು ಕುರ್‌ಆನ್ ನಮಗೆ ಕಲಿಸಿದೆಯಲ್ಲವೇ?

ನಮ್ಮ ಪಾಲೂ ಇದೆ. ಕಡಿಮೆ ದರಕ್ಕೆ ಎಳೆದಾಡಿ, ಆಮೇಲೆ ಒಳ್ಳೆಯ ಕೆಲಸ ಬಯಸುವುದು ನ್ಯಾಯವಲ್ಲ. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಲು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಬಾಗಿಲುಗಳನ್ನೆಲ್ಲ ತೆರೆದು ಮುಚ್ಚಿ ನೋಡಿ, ಸರಿಯಿದ್ದರೆ ಅಂದೇ ಲೆಕ್ಕ ತೀರಿಸಿ. ಮಿಸ್ತ್ರಿಗೆ ಕೆಲಸ ಅಮಾನತ್ ಆದಂತೆ ನಿಮಗೆ ಅವನ ಕೂಲಿಯೂ ಅಮಾನತ್.

ಸಹರಿಯ ಹೊತ್ತಿನಲ್ಲಿ ಮಲಗಿದ ಮಗು ಎಚ್ಚರಗೊಳ್ಳದಂತೆ ನೀವು ಕಪಾಟು ಮುಚ್ಚುವಾಗ ಬಾಗಿಲು ಸದ್ದಿಲ್ಲದೆ ತನ್ನ ಜಾಗಕ್ಕೆ ಬಂದು ಕೂತರೆ, ಬಿಜಾಗರಿಗೆಂದು ನೀವು ಕೊಟ್ಟ ಗಮನ ವ್ಯರ್ಥವಾಗಿಲ್ಲವೆಂದು ತಿಳಿಯಿರಿ.