ಅನುಭವವಿಲ್ಲದವನು ಎಣ್ಣೆಯ ಉದ್ದಿಮೆಯನ್ನು ಹೊಗುವ ಬಗೆ

ಚೆಂಬೂರಿನ ಕಡೆಯಿಂದ ರಾತ್ರಿಯ ಹೊತ್ತು ನೋಡಿದರೆ ಮಾಹುಲಿನ ತೈಲಶುದ್ಧೀಕರಣಾಗಾರಗಳ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುವ ಜ್ವಾಲೆಯನ್ನು ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಕಂಡಿದ್ದಾರೆ. ಆ ಜ್ವಾಲೆ ಏತಕ್ಕೆ ಉರಿಯುತ್ತದೆಂದು ನಮ್ಮನ್ನು ಕೇಳಿದವರು ವಿರಳ. ಅಲ್ಲಿ ಕೆಲಸ ಸಿಕ್ಕುವುದು ಹೇಗೆಂದು ಕೇಳಿದವರು ಬಹಳ. ಮೊದಲನೆಯದಕ್ಕೆ ಉತ್ತರ ಸುಲಭ. ಯಂತ್ರಗಳಲ್ಲಿ ಮಿಗುವ ಅನಿಲವನ್ನು ಹಾಗೆಯೇ ಬಯಲಿಗೆ ಬಿಟ್ಟರೆ ಅಪಾಯ. ಆದುದರಿಂದ ಅದನ್ನು ಎತ್ತರದಲ್ಲಿ ಸುಟ್ಟುಬಿಡುತ್ತಾರೆ. ಎರಡನೆಯ ಪ್ರಶ್ನೆಯೇ ಕಠಿಣವಾದುದು. ಪ್ರತಿವರ್ಷ ಹತ್ತನೆಯ ತರಗತಿಯ ಪರೀಕ್ಷೆ ಮುಗಿದೊಡನೆ ಅದನ್ನು ಹೊತ್ತು ಹುಡುಗರೂ ಅವರ ತಂದೆತಾಯಿಗಳೂ ನಮ್ಮಲ್ಲಿಗೆ ಬರುವುದುಂಟು. ಅನುಭವವುಳ್ಳವರಿಗೇ ಕೆಲಸವೆನ್ನುತ್ತಾರೆ, ಕೆಲಸವಿಲ್ಲದೆ ಅನುಭವವನ್ನು ಎಲ್ಲಿಂದ ತರುವುದೆಂಬುದು ಅವರ ಅಳಲು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮ ಹಿರಿಯರ ಮಾತು ಇಂಥ ಸಂದರ್ಭಕ್ಕಾಗಿಯೇ ಹುಟ್ಟಿರಬೇಕು.

ಆದರೆ ಈ ತೊಡಕು ಒಬ್ಬ ಹುಡುಗನದಷ್ಟೇ ಅಲ್ಲ. ನಮ್ಮ ದೇಶವೇ ಒಮ್ಮೆ ಇದರಲ್ಲಿ ಸಿಲುಕಿತ್ತು. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿಯೇ ಎಣ್ಣೆ ದೊರೆತು, 1901ರಲ್ಲಿ ಅಲ್ಲಿ ಶುದ್ಧೀಕರಣಾಗಾರ ನಡೆಯತೊಡಗಿದರೂ, ಆ ವಿದ್ಯೆ ಬಹುಕಾಲ ಪರದೇಶದ ಕಂಪನಿಗಳ ಕೈಯಲ್ಲಿಯೇ ಉಳಿಯಿತು. 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಸ್ಥಾಪಿತವಾದಾಗ ಅದರಲ್ಲಿ ಸೇರಿದ ತರುಣರಲ್ಲಿ ಹೆಚ್ಚಿನವರು ಎಣ್ಣೆಬಾವಿಯನ್ನು ಕಣ್ಣಿನಿಂದ ಕಂಡವರಲ್ಲ. ಸೋವಿಯೆತ್ ಮತ್ತು ರುಮೇನಿಯದ ತಜ್ಞರ ಪಕ್ಕದಲ್ಲಿ ನಿಂತು ಅವರು ಕೆಲಸ ಕಲಿತರು. 1958ರಲ್ಲಿ ಖಂಭಾತಿನಲ್ಲಿಯೂ 1960ರಲ್ಲಿ ಅಂಕಲೇಶ್ವರದಲ್ಲಿಯೂ ಎಣ್ಣೆ ಸಿಕ್ಕಿತು. ಅದು ನೆಲದ ಮಾತಾಯಿತು. ಕಡಲಿನ ಅನುಭವ ಆಗಲೂ ಯಾರಿಗೂ ಇರಲಿಲ್ಲ. 1970ರಲ್ಲಿ ಖಂಭಾತಿನ ಕೊಲ್ಲಿಯ ಆಲಿಯಾಬೇಟಿನ ಬಳಿ ನೀರಿನಲ್ಲಿ ಮೊದಲ ಬಾವಿಯನ್ನು ಕೊರೆದು ನೋಡಿದರು. ಆಮೇಲೆ ಜಪಾನಿನಲ್ಲಿ ಕಟ್ಟಿದ 'ಸಾಗರ ಸಮ್ರಾಟ'ವೆಂಬ ಕೊರೆಯುವ ನೌಕೆ ಬಂದಿತು. ನಾಲ್ಕು ಕಾಲುಗಳನ್ನು ಸಮುದ್ರತಳಕ್ಕೆ ಊರಿ, ತನ್ನ ಒಡಲನ್ನು ತಾನೇ ಅಲೆಗಳಿಂದ ಮೇಲಕ್ಕೆ ಎತ್ತಿಕೊಂಡು ನಿಲ್ಲುವ ನೌಕೆಯದು. 1974ರ ಫೆಬ್ರವರಿಯಲ್ಲಿ, ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಅದು ಕೊರೆದ ಬಾವಿಯಲ್ಲಿ ಎಣ್ಣೆ ದೊರೆಯಿತು. ಅದೇ ಬಾಂಬೆ ಹೈ. 1976ರ ಮೇ ತಿಂಗಳಲ್ಲಿ ಅಲ್ಲಿ ಉತ್ಪಾದನೆ ಮೊದಲಾಯಿತು. ಅಂದು ಆ ನೌಕೆಯ ಮೇಲೆ ದುಡಿದ ಭಾರತೀಯರಿಗೆಲ್ಲ ಅದು ಮೊದಲ ಅನುಭವವೇ ಆಗಿದ್ದಿತು.

ಇಂದು ಆ ಬಾವಿಗಳ ಎಣ್ಣೆ ಕಡಲಡಿಯ ಕೊಳವೆಯ ಮೂಲಕ ಉರಣಕ್ಕೆ ಬಂದು, ಅಲ್ಲಿಂದ ಟ್ರಾಂಬೆಗೆ ಸಾಗುತ್ತದೆ. ಟ್ರಾಂಬೆಯ ಎರಡು ಶುದ್ಧೀಕರಣಾಗಾರಗಳು 1954 ಮತ್ತು 1955ರಲ್ಲಿ ಪರದೇಶದ ಕಂಪನಿಗಳಿಂದ ಆರಂಭವಾಗಿ, 1970ರ ದಶಕದಲ್ಲಿ ರಾಷ್ಟ್ರದ ಸ್ವತ್ತಾದುವು. ಈ ದಾರಿಯುದ್ದಕ್ಕೂ ಬೇಕಾಗುವ ಕೈಗಳು ಒಂದೇ ಬಗೆಯವಲ್ಲ. ಎಣ್ಣೆಯ ಉದ್ದಿಮೆಯೆಂದರೆ ಎಣ್ಣೆಯ ವಿಷಯವನ್ನೇ ಓದಿದವರ ಸೊತ್ತು ಎಂಬ ಭಾವನೆ ತಪ್ಪು. ಬೆಸುಗೆ ಹಾಕುವವನು, ಫಿಟ್ಟರು, ವಿದ್ಯುತ್ ಕೆಲಸಗಾರ, ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವನು, ಕ್ರೇನು ನಡೆಸುವವನು, ಉಗ್ರಾಣ ನೋಡುವವನು, ಶುಶ್ರೂಷಕ, ಅಡಿಗೆಯವನು, ಇವರೆಲ್ಲರೂ ಅಲ್ಲಿ ಬೇಕು. ಹೊಸಬನಿಗೆ ನಾವು ಕೊಡುವ ಮೊದಲ ಸಲಹೆ ಇಷ್ಟೇ: ಎಣ್ಣೆಯ ಅನುಭವವನ್ನು ಅರಸುತ್ತ ಅಲೆಯುವ ಮೊದಲು ಒಂದು ಕಸುಬನ್ನು ಚೆನ್ನಾಗಿ ಕಲಿಯಬೇಕು. ಬಂದರಿನ ಹಡಗುಕಟ್ಟೆಯಲ್ಲಿ ಎರಡು ವರ್ಷ ದಪ್ಪ ಕೊಳವೆಗಳಿಗೆ ಬೆಸುಗೆ ಹಾಕಿದ ಹುಡುಗನನ್ನು ಕಡಲ ವೇದಿಕೆಯ ಗುತ್ತಿಗೆದಾರನು ಹೊಸಬನೆಂದು ಎಣಿಸುವುದಿಲ್ಲ.

ಹತ್ತನೆಯ ತರಗತಿಯ ಬಳಿಕ ಐ.ಟಿ.ಐ. ಸೇರಿದವರಿಗೆ 1961ರ ಅಪ್ರೆಂಟಿಸ್ ಕಾಯಿದೆಯೇ ನೇರವಾದ ಬಾಗಿಲು. ತೈಲ ಆಯೋಗದ ಉತ್ತರಾಧಿಕಾರಿ ಸಂಸ್ಥೆಯೂ, ಶುದ್ಧೀಕರಣಾಗಾರಗಳೂ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತವೆ. ಅನುಭವವನ್ನು ಅಲ್ಲಿ ಕೇಳುವುದಿಲ್ಲ. ಅಂಕಗಳನ್ನೂ ವಯಸ್ಸನ್ನೂ ನೋಡುತ್ತಾರೆ. ತಿಂಗಳಿಗೆ ಕೊಡುವ ವೇತನ ಅಲ್ಪ; ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟೂ ಇಲ್ಲ. ಹಾಗಿದ್ದರೂ, ನಡೆಯುವ ಸ್ಥಾವರದೊಳಗೆ ಒಂದು ವರ್ಷ ಕಳೆದೆನೆಂಬ ಪತ್ರ ಕೈಗೆ ಬರುತ್ತದೆ. ವಿಜ್ಞಾನದಲ್ಲಿ ಪದವಿ ಪಡೆದವರಿಗೂ ರಾಸಾಯನಿಕ ಸ್ಥಾವರದ ಅಟೆಂಡೆಂಟ್ ಆಪರೇಟರ್ ಎಂಬ ಅಪ್ರೆಂಟಿಸ್ ಸ್ಥಾನವುಂಟೆಂಬುದು ನಮ್ಮ ಅನೇಕ ಪದವೀಧರರಿಗೆ ತಿಳಿಯದು. ಇಂಜಿನಿಯರರ ಹಾದಿ ಅನೇಕ ವೇಳೆ ಗೇಟ್ ಪರೀಕ್ಷೆಯ ಮೂಲಕ ಸಾಗುತ್ತದೆ. ಅದು ಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಭೂವಿಜ್ಞಾನ ಓದಿದವರಿಗೆ ಮಾತ್ರ ಒಂದು ಮಾತು. ಬಾವಿ ಕೊರೆಯುವಾಗ ಒಳಗಿನಿಂದ ಕೆಸರಿನೊಡನೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ಕ್ಷಣಕ್ಷಣಕ್ಕೂ ಪರೀಕ್ಷಿಸಿ ಬರೆದಿಡುವ ಕೆಲಸವೊಂದಿದೆ. ಮಡ್ ಲಾಗಿಂಗ್ ಎನ್ನುತ್ತಾರೆ. ಹೊಸಬರು ಬಾವಿಯ ಬಾಯಿಯನ್ನು ಕಾಣುವುದು ಬಹುಮಟ್ಟಿಗೆ ಈ ಮೂಲಕವೇ.

ಊರಿಗೆ ಮರಳಬಯಸುವವರು ಮಂಗಳೂರನ್ನು ಮರೆಯಬಾರದು. ಸುರತ್ಕಲ್ಲಿನ ಸಮೀಪದ ಶುದ್ಧೀಕರಣಾಗಾರವು 1996ರಲ್ಲಿ ಕೆಲಸ ತೊಡಗಿತು. ಅಲ್ಲಿಯೂ ಅಪ್ರೆಂಟಿಸರಿಗೆ ಅವಕಾಶವಿದೆ. ಮಂಗಳೂರಿನಲ್ಲಿಯೂ ಉಡುಪಿಯ ಕಡೆಯ ಪಾದೂರಿನಲ್ಲಿಯೂ ಬಂಡೆಯೊಳಗೆ ಗುಹೆಗಳನ್ನು ಕೊರೆದು, ಎರಡೂ ಕಡೆ ಸೇರಿ ನಲವತ್ತು ಲಕ್ಷ ಟನ್ ಕಚ್ಚಾ ಎಣ್ಣೆಯನ್ನು ಆಪತ್ಕಾಲಕ್ಕೆಂದು ಕೂಡಿಡುವ ವ್ಯವಸ್ಥೆ ಮಾಡಿದ್ದಾರೆ.

ಕೊರೆಯುವ ನೌಕೆಯ ಮೇಲೆ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬಯಸುವವನು ರೌಸ್ಟಬೌಟ್ ಆಗಿ ಸೇರುತ್ತಾನೆ. ಸಾಮಾನು ಇಳಿಸುವುದು, ಹಲಗೆ ತೊಳೆಯುವುದು, ಬಣ್ಣ ಹಚ್ಚುವುದು, ಕ್ರೇನಿನ ಕೊಕ್ಕೆಗೆ ಹಗ್ಗ ಕಟ್ಟುವುದು ಅವನ ಕೆಲಸ. ದಿನಕ್ಕೆ ಹನ್ನೆರಡು ಗಂಟೆ, ಒಮ್ಮೆ ಹಗಲು, ಒಮ್ಮೆ ರಾತ್ರಿ. ಅಲ್ಲಿಂದ ಕೊಳವೆ ಜೋಡಿಸುವವನು, ಗೋಪುರದ ಮೇಲೆ ನಿಲ್ಲುವವನು, ಕಡೆಗೆ ಕೊರೆಯುವ ಯಂತ್ರವನ್ನೇ ನಡೆಸುವ ಡ್ರಿಲ್ಲರ್, ಹೀಗೆ ಏರಿದವರಿದ್ದಾರೆ, ವರ್ಷಗಳು ಹಿಡಿಯುತ್ತವೆ. ನಮ್ಮ ರಾತ್ರಿಶಾಲೆಗಳಲ್ಲಿ ಓದುವ ಹೋಟೆಲಿನ ಹುಡುಗರಿಗೆ ಮತ್ತೊಂದು ಬಾಗಿಲುಂಟು. ವೇದಿಕೆಯ ಮೇಲೆ ನೂರಾರು ಜನಕ್ಕೆ ಹೊತ್ತುಹೊತ್ತಿಗೆ ಊಟವಾಗಬೇಕು. ಅದಕ್ಕೆ ಪ್ರತ್ಯೇಕ ಗುತ್ತಿಗೆದಾರರಿದ್ದಾರೆ. ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ಬೆವರು ಸುರಿಸಿದ ಐದು ವರ್ಷವನ್ನು ಅನುಭವವಲ್ಲವೆಂದು ನಾಚಿ ಅರ್ಜಿಯಿಂದ ಬಿಟ್ಟುಬಿಡುವ ಹುಡುಗರನ್ನು ನಾವು ನೋಡಿದ್ದೇವೆ. ಅಲ್ಲಿ ಮೊದಲು ಕೇಳುವುದು ಅದನ್ನೇ!

ಅಪಾಯದ ಮಾತನ್ನು ಮರೆಮಾಚುವುದು ಸರಿಯಲ್ಲ. 2005ರ ಜುಲೈ 27ರಂದು ಬಾಂಬೆ ಹೈಯ ಉತ್ತರದ ವೇದಿಕೆ ಹೊತ್ತಿ ಉರಿದು 22 ಜನ ಪ್ರಾಣ ಕಳೆದುಕೊಂಡರು. ಸಹಾಯಕ ನೌಕೆಯೊಂದರಲ್ಲಿ ಅಡಿಗೆಯವನೊಬ್ಬನ ಬೆರಳಿಗೆ ಗಾಯವಾಗಿತ್ತು. ಅವನನ್ನು ವೇದಿಕೆಗೆ ಸಾಗಿಸಲು ನೌಕೆ ಹತ್ತಿರ ಬಂದಾಗ, ಅಲೆಗಳ ಹೊಡೆತಕ್ಕೆ ಹೋಗಿ ಅನಿಲ ತುಂಬಿದ ಕೊಳವೆಗೆ ಬಡಿಯಿತು. 2021ರ ಮೇ ತಿಂಗಳ ಚಂಡಮಾರುತದಲ್ಲಿ ಅದೇ ಕಡಲಿನಲ್ಲಿ ಕೆಲಸಗಾರರು ವಾಸಿಸುತ್ತಿದ್ದ ಬಾರ್ಜೊಂದು ಮುಳುಗಿ ಹತ್ತಾರು ಮಂದಿ ಮಡಿದರು. ಅವರಲ್ಲಿ ಬಹುಜನ ಗುತ್ತಿಗೆಯ ಕೆಲಸಗಾರರು. ಈ ಕಾರಣದಿಂದಲೇ ಕಡಲಿಗೆ ಹೋಗುವವನು ಮೊದಲು ರಕ್ಷಣೆಯ ಶಿಕ್ಷಣವನ್ನು ಪಡೆಯಬೇಕು. ಹೆಲಿಕಾಪ್ಟರಿನ ಮಾದರಿಯ ಕೋಣೆಯಲ್ಲಿ ಬೆಲ್ಟು ಬಿಗಿದು ಕುಳ್ಳಿರಿಸಿ, ಕೊಳದೊಳಕ್ಕೆ ಇಳಿಸಿ, ತಲೆಕೆಳಗಾಗಿ ಮಗುಚುತ್ತಾರೆ. ಉಸಿರು ಹಿಡಿದು, ಕಿಟಕಿಯನ್ನು ಕೈಯಿಂದ ತಡವಿ, ಬೆಲ್ಟು ಬಿಚ್ಚಿ ಹೊರಗೆ ಬರಬೇಕು. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಜೀವರಕ್ಷಕ ದೋಣಿ ಇವೂ ಇದರಲ್ಲಿ ಸೇರಿವೆ. ಗೋವೆಯ ಬೇತುಲದಲ್ಲಿ ತೈಲ ಸಂಸ್ಥೆಯದೇ ಶಿಕ್ಷಣಕೇಂದ್ರವಿದೆ. ಪ್ರಮಾಣಪತ್ರಕ್ಕೆ ಅವಧಿಯಿರುವುದರಿಂದ, ಕೆಲಸದ ಮಾತು ನಿಶ್ಚಯವಾಗುವ ಮೊದಲೇ ಸಾಲ ಮಾಡಿ ಈ ಶಿಕ್ಷಣ ಪಡೆಯುವುದು ಜಾಣತನವಲ್ಲ. ಅನೇಕ ವೇಳೆ ಕೆಲಸ ಕೊಡುವವರೇ ಅದರ ವೆಚ್ಚವನ್ನು ಭರಿಸುತ್ತಾರೆ. ಭರಿಸುವಿರಾ ಎಂದು ಕೇಳಲು ಸಂಕೋಚಪಡಬಾರದು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಸಂಗತಿ ಇಲ್ಲಿ ಹೇಳಲೇಬೇಕಾಗಿದೆ. ಪರದೇಶದ ಎಣ್ಣೆಬಾವಿಯಲ್ಲಿ ಕೆಲಸ ಕೊಡಿಸುವೆನೆಂದ ದಲ್ಲಾಳಿಯೊಬ್ಬನಿಗೆ ಅವನ ತಾಯಿ ಬಳೆ ಮಾರಿ ಎರಡು ಲಕ್ಷ ರೂಪಾಯಿ ಕೊಟ್ಟಳು. ಮುದ್ರೆಯೊತ್ತಿದ ನೇಮಕದ ಪತ್ರವೂ ಬಂತು. ವಿಮಾನದ ಚೀಟಿ ಮಾತ್ರ ಬರಲಿಲ್ಲ. ವಿಚಾರಿಸಲು ಹೋದಾಗ ಕಚೇರಿಯ ಬಾಗಿಲಿಗೆ ಬೀಗ. ಆ ಪತ್ರವನ್ನು ಅವನು ನಮಗೆ ತೋರಿಸಿದಾಗ, ಹಣ ಕೊಡುವ ಮೊದಲೇ ತೋರಿಸಿದ್ದರೆ ಎಂದು ಮರುಗಿದೆವು. ಕಂಪನಿಯ ಹೆಸರಿನ ಅಕ್ಷರಗಳೇ ತಪ್ಪಾಗಿದ್ದುವು. ಹೊರದೇಶಕ್ಕೆ ಜನರನ್ನು ಕಳುಹಿಸುವ ಏಜೆಂಟರು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂದು 1983ರ ವಲಸೆ ಕಾಯಿದೆ ವಿಧಿಸಿತು. ಅವರ ಪಟ್ಟಿಯನ್ನು ವಿದೇಶಾಂಗ ಮಂತ್ರಾಲಯ ಪ್ರಕಟಿಸುತ್ತದೆ. ಅವರು ಪಡೆಯಬಹುದಾದ ಶುಲ್ಕಕ್ಕೂ ಮಿತಿಯಿದೆ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಒಂದು ಕಾಸನ್ನೂ ಕೊಡಬಾರದು. ಆ ಹುಡುಗನು ಈಗ ಉರಣದ ಕಡೆ ಗುತ್ತಿಗೆದಾರನೊಬ್ಬನ ಬಳಿ ಕೊಳವೆಯ ಫಿಟ್ಟರನಾಗಿದ್ದಾನೆ. ಸಾಲ ಇನ್ನೂ ತೀರಿಲ್ಲ.

ಕೊನೆಗೆ ಚಿಕ್ಕದೊಂದು ಸಂಗತಿ. ನೋಡಲು ಕ್ಷುಲ್ಲಕ, ತೊಂದರೆಯಲ್ಲಿ ದೊಡ್ಡದು. ನಮ್ಮವರ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆಯಾಗಿರುತ್ತದೆ. ಒಂದರಲ್ಲಿ ಊರಿನ ಹೆಸರು ಮುಂದೆ, ಇನ್ನೊಂದರಲ್ಲಿ ತಂದೆಯ ಹೆಸರು ಹಿಂದೆ; ಪೂಜಾರಿ ಎಂಬುದು ಒಂದು ಕಡೆ ಇದೆ, ಮತ್ತೊಂದು ಕಡೆ ಇಲ್ಲ. ಕಡಲಿಗೆ ಹೋಗಲು ಪರವಾನಗಿ ಕೊಡುವವರು ಈ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡುತ್ತಾರೆ. ಬೋರ್ಡಿನ ಪರೀಕ್ಷೆಯ ಅರ್ಜಿ ತುಂಬಿದ ಮೇಲೆ ತಿದ್ದುಪಡಿ ಬಹಳ ಕಷ್ಟ. ಆದುದರಿಂದ ಒಂಬತ್ತನೆಯ ತರಗತಿಯವರು ತಮ್ಮ ಹೆಸರು, ಜನ್ಮದಿನಾಂಕಗಳನ್ನು ಶಾಲೆಯ ರಿಜಿಸ್ಟರಿನಲ್ಲಿ ಈ ವರ್ಷವೇ ನೋಡಿಕೊಂಡು, ತಪ್ಪಿದ್ದಲ್ಲಿ ಪಾಲಕರೊಡನೆ ಕಾರ್ಯಾಲಯಕ್ಕೆ ಬರಬೇಕು. ಬರುವಾಗ ಜನನ ಪ್ರಮಾಣಪತ್ರದ ಮೂಲಪ್ರತಿಯನ್ನು ತರಬೇಕು.