ಮೊಟ್ಟೆಗೆ ಹುಂಜವೂ ಬೇಡ, ಇಂಜೆಕ್ಷನ್ನೂ ಬೇಡ

‘ಫಾರಂ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಚುಚ್ಚುತ್ತಾರೆ, ಅದಕ್ಕೇ ದಿನಾ ಮೊಟ್ಟೆ ಇಡುತ್ತವೆ’ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಇದನ್ನು ನಂಬಿ ಬೆಳೆಯುವ ಮಕ್ಕಳಿಗೆ ಮೊಟ್ಟೆ ಕೊಡುವುದನ್ನೇ ನಿಲ್ಲಿಸಿದವರಿದ್ದಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಹಾರ್ಮೋನ್ ಇರುವುದು ನಿಜ. ಆದರೆ ಅದನ್ನು ತಯಾರಿಸುವುದು ಕೋಳಿಯ ಮೈಯೇ. ಹೇಟೆಗೆ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ಅದರಲ್ಲಿ ಹಳದಿ ಭಂಡಾರಗಳು ದ್ರಾಕ್ಷಿ ಗೊಂಚಲಿನಂತೆ ನೇತಾಡುತ್ತಿರುತ್ತವೆ: ಇಂದಿನದು, ನಾಳೆಯದು, ನಾಡಿದ್ದಿನದು, ಒಂದಕ್ಕಿಂತ ಒಂದು ಚಿಕ್ಕದು. ಎಲ್ಲಕ್ಕಿಂತ ದೊಡ್ಡದು ಬಲಿತಾಗ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಸುರಿಸುತ್ತದೆ. ಮಿದುಳಿಗೆ ಅದೇ ಸೂಚನೆ. ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನ್ ಒಮ್ಮೆಲೇ ಉಕ್ಕುತ್ತದೆ; 4ರಿಂದ 6 ಗಂಟೆಯಲ್ಲಿ ಹಳದಿ ಕಳಚಿ ಅಂಡನಾಳಕ್ಕೆ ಬೀಳುತ್ತದೆ. ಬಿಳಿ ಲೋಳೆ ಸುತ್ತಿಕೊಳ್ಳಲು ಸುಮಾರು 3 ಗಂಟೆ, ಒಳಪೊರೆಗೆ ಇನ್ನೊಂದು ಗಂಟೆಗೂ ಹೆಚ್ಚು, ಚಿಪ್ಪು ಗಟ್ಟಿಯಾಗಲು 20 ಗಂಟೆಯಷ್ಟು. ಒಟ್ಟು 25 ಗಂಟೆ ಹಿಡಿಯುವುದರಿಂದಲೇ ಇವತ್ತು ಬೆಳಿಗ್ಗೆ ಇಟ್ಟ ಕೋಳಿ ನಾಳೆ ಸ್ವಲ್ಪ ತಡವಾಗಿ ಇಡುತ್ತದೆ, ಹೀಗೇ ಹಿಂದೆ ಬಿದ್ದು ಒಂದು ದಿನ ರಜೆ ಹಾಕುತ್ತದೆ.

ಈಗ ಯೋಚಿಸಿ. ಎಲ್‌ಎಚ್ ಪ್ರೋಟೀನು, ಮೇವಿಗೆ ಬೆರೆಸಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಚುಚ್ಚಿ ಬೇಗ ಹಳದಿ ಬೀಳಿಸಿದರೂ ಚಿಪ್ಪಿಗೆ ಬೇಕಾದ ಹೊತ್ತು ಕಡಿಮೆಯಾಗದು. ಸಿಗುವುದು ತೊಗಲು ಮೊಟ್ಟೆ. ಸಾವಿರಾರು ಕೋಳಿಗಳನ್ನು ದಿನಾ ಹಿಡಿದು ಚುಚ್ಚಿ ಆ ನಷ್ಟ ಕೊಳ್ಳುವ ಸಾಕಣೆದಾರ ಯಾರು? ಫಾರಂ ಕೋಳಿ ಹೆಚ್ಚು ಇಡುವುದು ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ, ಸಮತೂಕದ ಮೇವು ಮತ್ತು ಬೆಳಕಿನಿಂದ.

ಬೆಳಕೆಂದರೆ, ಶೆಡ್ಡಿನ ದೀಪ ಕೋಳಿಗೆ ರಾತ್ರಿಯಿಡೀ ನಿದ್ದೆ ಕೆಡಿಸಲು ಎಂಬುದೂ ತಪ್ಪು. ಹಗಲು ಸೇರಿ ಸುಮಾರು 16 ಗಂಟೆ ಬೆಳಕು, ಉಳಿದದ್ದು ಕತ್ತಲೆ. ಬೆಳಕು ತಲೆಬುರುಡೆ ಹಾದು ಮಿದುಳಿನ ಒಳಭಾಗವನ್ನೇ ಮುಟ್ಟುತ್ತದೆ. ಕಣ್ಣು ಕಾಣದ ಕೋಳಿಯ ಅಂಡಾಶಯವೂ ಅದಕ್ಕೆ ಸ್ಪಂದಿಸುತ್ತದೆ.

ಹುಂಜವಿಲ್ಲದೆ ಮೊಟ್ಟೆಯಿಲ್ಲ ಎನ್ನುವವರಿಗೆ ಉತ್ತರ ಚಿಕ್ಕದು: ಹುಂಜ ಬೇಕಿರುವುದು ಮರಿಗೆ, ಮೊಟ್ಟೆಗಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಕಾವಿಗೆ ಕೂತ ನಾಟಿ ಹೇಟೆಯ ಪಾಡು. ಮೈಬಿಸಿ ಇಳಿಯಲೆಂದು ಅದನ್ನು ನೀರಿಗೆ ಅದ್ದುತ್ತಾರೆ, ಮೂಗಿಗೆ ಪುಕ್ಕ ತೂರಿಸುತ್ತಾರೆ. ಕಾವು ಜ್ವರವಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ಎಲ್‌ಎಚ್ ಇಳಿದ ಸ್ಥಿತಿ ಅದು, ಹಾಗಾಗಿ ಮೊಟ್ಟೆ ನಿಂತಿರುತ್ತದೆ. ಎದೆಯ ಬರಿ ಚರ್ಮಕ್ಕೆ ಮೊಟ್ಟೆ ತಾಗುತ್ತಿದ್ದಷ್ಟು ದಿನವೂ ಪ್ರೊಲ್ಯಾಕ್ಟಿನ್ ಇಳಿಯದು. ಮರಿ ಬೇಡವಾದರೆ ಮೊಟ್ಟೆ, ಗೂಡು ಎರಡನ್ನೂ ತೆಗೆದು, ಹುಲ್ಲು ಹಾಸದ ತಂತಿ ತಳದ ಪಂಜರದಲ್ಲಿ, ಗಾಳಿ ಬೆಳಕಿರುವ ಕಡೆ ಕೆಲವು ದಿನ ಬಿಡಿ. ಮೇವು, ನೀರು ಮಾತ್ರ ತಪ್ಪಿಸಬೇಡಿ. ಕಾವು ಬಿಟ್ಟ ಹೇಟೆ ಕೆಲವೇ ವಾರಗಳಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ.